ಕರೆದರೆ ಬಾರದ ಬೆಕ್ಕು: ಸಾಂತಾಕ್ರೂಜ್‌ನ ನೆರೆಹೊರೆಗೆ ಒಂದು ಬಹಿರಂಗ ಪತ್ರ

ಮುಂಬಯಿಯ ಸಾಂತಾಕ್ರೂಜ್‌ನ ಕನ್ನಡ, ತುಳು ಮನೆಗಳ ಬಂಧುಗಳಿಗೆ, ಆ ಮನೆಗಳಿರುವ ಸೊಸೈಟಿಗಳ ಅಧ್ಯಕ್ಷ, ಕಾರ್ಯದರ್ಶಿಗಳಿಗೆ,



ವಕೋಲಾದಲ್ಲಿ, ಪ್ರಭಾತ್ ಕಾಲೊನಿಯಲ್ಲಿ, ಕಲಿನಾದ ಒಳಗಲ್ಲಿಗಳಲ್ಲಿ ಗೇಟಿನ ಕಂಬಕ್ಕೆ ಅಂಟಿಸಿದ ಒಂದು ಚೀಟಿಯನ್ನು ನೀವೆಲ್ಲ ಎಂದಾದರೂ ನೋಡಿರುತ್ತೀರಿ. ಮೇಲೊಂದು ಬೆಕ್ಕಿನ ಫೋಟೊ, ಕೆಳಗೊಂದು ಮೊಬೈಲ್ ನಂಬರು, ನಡುವೆ ಕಾಣೆಯಾಗಿದೆ ಎಂದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಎರಡು ಸಾಲು. ಒಂದು ಮಳೆಗೆ ಶಾಯಿ ಹರಡುತ್ತದೆ. ವಾರ ಕಳೆದರೆ ಅದರ ಮೇಲೆ ಟ್ಯೂಷನ್ ಕ್ಲಾಸಿನ ಜಾಹೀರಾತು ಕೂರುತ್ತದೆ. ಅಂಥ ಚೀಟಿ ಅಂಟಿಸಿದ ಮನೆಗಳ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ನಮ್ಮದೂ ಅವುಗಳಲ್ಲೊಂದು.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಾದ ಬೆಕ್ಕು ಕರೆದರೆ ಬರುವುದಿಲ್ಲ. ಸಾಕಿದವರ ದನಿ ಕೇಳಿದರೂ ಅಡಗಿದ ಜಾಗದಿಂದ ಕದಲುವುದಿಲ್ಲ. ಆದ್ದರಿಂದ ಅದನ್ನು ಹುಡುಕುವುದು ಒಂದು ಮನೆಯಿಂದ ಆಗುವ ಕೆಲಸವಲ್ಲ, ಇಡೀ ಬಿಲ್ಡಿಂಗು ಕೈಹಾಕಬೇಕಾದ ಕೆಲಸ. ಸಿಕ್ಕಿದ ಮೇಲೆ ವಾರಗಟ್ಟಲೆ ಆರೈಕೆ ಮಾಡುವುದು ಮನೆಯವರ ಪಾಲಿಗೆ ಬಿಟ್ಟದ್ದು. ಈ ಎರಡನೆಯದನ್ನು ನಾವು ಮಾಡಿಕೊಳ್ಳುತ್ತೇವೆ. ಮೊದಲನೆಯದಕ್ಕೆ ನೀವು ಬೇಕು.

ನಮ್ಮಲ್ಲಿ ಹೆಚ್ಚಿನವರ ಮೂಲ ಉಡುಪಿ, ಕುಂದಾಪುರ, ಮಂಗಳೂರು, ಕಾಸರಗೋಡಿನ ಕಡೆಯದು. ಅಲ್ಲಿಯ ಹೆಂಚಿನ ಮನೆಗಳಲ್ಲಿ ಬೆಕ್ಕಿಗೆ ಅಟ್ಟವಿತ್ತು, ಹಟ್ಟಿಯ ಮೇಲೆ ಬೈಹುಲ್ಲಿತ್ತು. ಕಾದಾಡಿಯೋ ಮರದಿಂದ ಬಿದ್ದೋ ಪೆಟ್ಟು ಮಾಡಿಕೊಂಡ ಬೆಕ್ಕು ಅಟ್ಟ ಹತ್ತಿ ಮಲಗುತ್ತಿತ್ತು. ಕೆಲವು ದಿನ ಬಿಟ್ಟು ಇಳಿದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದೇ ನೆಕ್ಕಿಕೊಂಡು ಸರಿಮಾಡಿಕೊಳ್ಳುತ್ತದೆ ಎಂದು ಹಿರಿಯರು ಸುಮ್ಮನಿರುತ್ತಿದ್ದರು. ಬಾರದೆ ಹೋದ ಬೆಕ್ಕುಗಳ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ, ಆದ್ದರಿಂದ ಆ ನಂಬಿಕೆಗೆ ಏನೂ ಧಕ್ಕೆಯಾಗಲಿಲ್ಲ. ಊರು ಬಿಟ್ಟು ಬರುವಾಗ ಅದನ್ನೂ ಟ್ರಂಕಿನಲ್ಲಿ ತುಂಬಿಕೊಂಡು ಬಂದಿದ್ದೇವೆ. ಇಲ್ಲಿ ಅಟ್ಟವಿಲ್ಲ. ಇಲ್ಲಿ ಬೆಕ್ಕು ಬೀಳುವುದು ಸಿಮೆಂಟಿನ ಮೇಲೆ, ಅಡಗುವುದು ಮೀಟರ್ ರೂಮಿನಲ್ಲಿ, ಪಂಪಿನ ಗುಂಡಿಯಲ್ಲಿ, ನಿಲ್ಲಿಸಿದ ಕಾರಿನ ಬಾನೆಟ್ಟಿನೊಳಗೆ.

ನಮ್ಮ ಬಿಲ್ಡಿಂಗುಗಳಲ್ಲಿ ಬೆಕ್ಕಿಗೆ ಮೊದಲ ಅಪಾಯ ಕಿಟಕಿ. ಸಜ್ಜಾದ ಮೇಲೆ ಪಾರಿವಾಳ ಕೂರುತ್ತದೆ, ಗ್ರಿಲ್ಲಿನ ಸಂದಿಯಿಂದ ಬೆಕ್ಕು ಹಾರುತ್ತದೆ. ಎಲ್ಲಿಂದ ಬಿದ್ದರೂ ಬೆಕ್ಕು ನಾಲ್ಕು ಕಾಲಿನ ಮೇಲೇ ನಿಲ್ಲುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಬೀಳುವ ಬೆಕ್ಕು ಗಾಳಿಯಲ್ಲೇ ಮೈ ತಿರುಗಿಸಿ ಕಾಲು ಕೆಳಗೆ ಮಾಡಿಕೊಳ್ಳುವುದನ್ನು ಫ್ರಾನ್ಸಿನ ವಿಜ್ಞಾನಿ ಎತ್ಯೆನ್ ಜೂಲ್ ಮಾರೆ 1894ರಲ್ಲೇ ಸರಣಿ ಛಾಯಾಚಿತ್ರಗಳಲ್ಲಿ ತೋರಿಸಿದ್ದರು. ಕಾಲಿನ ಮೇಲೆ ಬಿದ್ದ ಮಾತ್ರಕ್ಕೆ ಪೆಟ್ಟಾಗುವುದಿಲ್ಲ ಎಂದಲ್ಲ. ನ್ಯೂಯಾರ್ಕಿನ ಒಂದು ಪ್ರಾಣಿ ಆಸ್ಪತ್ರೆಗೆ ಎತ್ತರದ ಕಟ್ಟಡಗಳಿಂದ ಬಿದ್ದು ಬಂದ 132 ಬೆಕ್ಕುಗಳ ವರದಿ 1987ರಲ್ಲಿ ಪ್ರಕಟವಾಯಿತು. ಅವು ಬಿದ್ದಿದ್ದು ಸರಾಸರಿ ಐದೂವರೆ ಮಹಡಿಯಿಂದ. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ 90ರಷ್ಟು ಬದುಕಿದವು. ಈ ಅಂಕಿ ನೋಡಿ ಹಿಗ್ಗುವ ಮೊದಲು ಒಂದು ಮಾತು ನೆನಪಿಡಬೇಕು: ಅದು ಆಸ್ಪತ್ರೆ ತಲುಪಿದ ಬೆಕ್ಕುಗಳ ಲೆಕ್ಕ. ಬಿದ್ದಲ್ಲೇ ಸತ್ತವು, ಸಂದಿಯಲ್ಲಿ ಅಡಗಿ ಯಾರಿಗೂ ಸಿಗದವು ಅದರಲ್ಲಿ ಇಲ್ಲ. ಬದುಕುವ ಬೆಕ್ಕಿಗೂ ಬದುಕದ ಬೆಕ್ಕಿಗೂ ನಡುವಿನ ವ್ಯತ್ಯಾಸ ಎಷ್ಟೋ ಸಲ ಅದು ಎಷ್ಟು ಬೇಗ ಯಾರ ಕಣ್ಣಿಗೆ ಬಿತ್ತು ಎಂಬುದಷ್ಟೇ.

ಎರಡನೆಯ ಅಪಾಯ ನಮ್ಮ ಉಪನಗರಕ್ಕೆ ಈಗ ಬಂದಿರುವ ರೀಡೆವಲಪ್‌ಮೆಂಟಿನ ಕಾಲದ್ದು. ಹಳೆಯ ಮೂರು ಮಹಡಿಯ ಬಿಲ್ಡಿಂಗು ಖಾಲಿಯಾಗುತ್ತದೆ, ಮನೆಯವರು ಬಾಡಿಗೆ ಫ್ಲ್ಯಾಟಿಗೆ ಹೋಗುತ್ತಾರೆ, ಸುತ್ತ ನೀಲಿ ತಗಡು ಏಳುತ್ತದೆ. ಬೆಕ್ಕಿಗೆ ಅಗ್ರಿಮೆಂಟು ಗೊತ್ತಿಲ್ಲ. ಹೊಸ ಮನೆಯ ಬಾಗಿಲು ತೆರೆದ ಕೂಡಲೇ ಅದು ಹಳೆಯ ಜಾಗ ಹುಡುಕಿಕೊಂಡು ಹೊರಡುತ್ತದೆ, ದಾರಿಯಲ್ಲಿ ಹೆದ್ದಾರಿಯ ಸರ್ವಿಸ್ ರೋಡು ಬಂದರೂ ಸರಿ. ಕೆಲವು ಮನೆಯವರು ಬೆಕ್ಕನ್ನು ಅಲ್ಲೇ ಬಿಟ್ಟು ಹೋಗುವುದೂ ಉಂಟು. ಒಡೆಯುವ ಯಂತ್ರ ಬಂದ ದಿನ ಅದು ಎಲ್ಲಿತ್ತು ಎಂದು ಕೇಳುವವರಿಲ್ಲ. ಉಳಿದ ಕಾರಣಗಳು ನಿಮಗೆ ಗೊತ್ತಿದ್ದದ್ದೇ. ದೀಪಾವಳಿಯ ಪಟಾಕಿಗೆ ಬೆದರಿ ಓಡುವುದು, ಬೀಜ ತೆಗೆಸದ ಗಂಡು ಬೆಕ್ಕು ಹೆಣ್ಣಿನ ವಾಸನೆ ಹಿಡಿದು ಹೋಗಿ ಇನ್ನೊಂದು ಗಂಡಿನಿಂದ ಕಚ್ಚಿಸಿಕೊಳ್ಳುವುದು, ಸೊಸೈಟಿ ಇಟ್ಟ ಇಲಿಪಾಷಾಣ ತಿಂದ ಇಲಿಯನ್ನು ಹಿಡಿಯುವುದು.

ಬೆಕ್ಕು ಕಾಣೆಯಾದಾಗ ನಾವು ಮೊದಲು ದೂರ ನೋಡುತ್ತೇವೆ. ಸ್ಟೇಷನ್ ರೋಡಿಗೆ ಹೋಗುತ್ತೇವೆ, ಮೀನಿನ ಮಾರ್ಕೆಟ್ಟಿಗೆ ಹೋಗುತ್ತೇವೆ. ನೋಡಬೇಕಾದದ್ದು ಹತ್ತಿರ. ಕಳೆದುಹೋದ 1,200ಕ್ಕೂ ಹೆಚ್ಚು ಬೆಕ್ಕುಗಳ ಮಾಲೀಕರನ್ನು ವಿಚಾರಿಸಿ ನಡೆಸಿದ ಒಂದು ಅಧ್ಯಯನ 2018ರಲ್ಲಿ ಬಂತು. ಸಿಕ್ಕಿದ ಬೆಕ್ಕುಗಳಲ್ಲಿ ನೂರಕ್ಕೆ 75ರಷ್ಟು ತಪ್ಪಿಸಿಕೊಂಡ ಜಾಗದಿಂದ 500 ಮೀಟರಿನೊಳಗೆ ಸಿಕ್ಕಿದ್ದವು. ಕಳೆದುಹೋದವುಗಳಲ್ಲಿ ಮೂರರಲ್ಲೊಂದು ಪಾಲು ಮೊದಲ ಏಳು ದಿನಗಳಲ್ಲಿ ಜೀವಂತ ಮನೆ ಸೇರಿದ್ದವು. ಚೀಟಿ ಅಂಟಿಸಿ ಕಾಯುವುದಕ್ಕಿಂತ ಕಾಲಿನಿಂದ ನಡೆದು, ಬಗ್ಗಿ, ಕಣ್ಣಿನಿಂದ ಹುಡುಕಿದವರಿಗೆ ಹೆಚ್ಚು ಫಲ ಸಿಕ್ಕಿತ್ತು. ಸಾಂತಾಕ್ರೂಜ್ ಪೂರ್ವದಲ್ಲಿ 500 ಮೀಟರ್ ಎಂದರೆ ಮೂರು ನಾಲ್ಕು ಗಲ್ಲಿ. ಆದರೆ ಆ ಗಲ್ಲಿಗಳ ಒಂದೊಂದು ಬಿಲ್ಡಿಂಗಿಗೂ ಒಂದೊಂದು ಗೇಟು, ಒಂದೊಂದು ಬೀಗ, ಒಬ್ಬೊಬ್ಬ ಕಾರ್ಯದರ್ಶಿ. ದೂರ ಕಡಿಮೆ, ಬೀಗಗಳು ಹೆಚ್ಚು. ನಿಮಗೆ ಪತ್ರ ಬರೆಯುತ್ತಿರುವುದು ಅದಕ್ಕೇ.

ಹುಡುಕಲು ಹೊತ್ತೂ ಮುಖ್ಯ. ಹಗಲಿನಲ್ಲಿ ನಮ್ಮ ಬೀದಿಗಳ ಗದ್ದಲಕ್ಕೆ, ನೆತ್ತಿಯ ಮೇಲೆ ಇಳಿಯುವ ವಿಮಾನಗಳಿಗೆ ಯಾವ ಬೆಕ್ಕೂ ಹೊರಗೆ ಬರುವುದಿಲ್ಲ. ರಾತ್ರಿಯ ಕೊನೆಯ ಲೋಕಲ್ ಹೋದ ಮೇಲೆ, ಬೆಳಗಿನ ಮೊದಲ ಲೋಕಲ್ಲಿಗೆ ಮುಂಚೆ ಊರು ಸ್ವಲ್ಪ ತಣ್ಣಗಾಗುತ್ತದಲ್ಲ, ಅದೇ ಸರಿಯಾದ ಹೊತ್ತು. ಟಾರ್ಚನ್ನು ನೆಲದ ಮಟ್ಟದಲ್ಲಿ ಹಿಡಿದು ಸಂದಿಗಳಿಗೆ ಬೆಳಕು ಬಿಟ್ಟರೆ ಬೆಕ್ಕಿನ ಕಣ್ಣು ಹಸಿರಾಗಿ ಹೊಳೆಯುತ್ತದೆ. ಮಹಡಿಯಿಂದ ಬಿದ್ದು ಪೆಟ್ಟಾದ ಬೆಕ್ಕು ಸಾಮಾನ್ಯವಾಗಿ ಎತ್ತರಕ್ಕೆ ಹತ್ತಲಾರದು, ತಗ್ಗಿನಲ್ಲೇ ಇರುತ್ತದೆ. ಮಳೆಗಾಲವಾದರೆ ಕಾಯುವ ಹಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ದಾಖಲಾದ ಊರು ನಮ್ಮದು. ಅಷ್ಟು ಬೇಡ, ಮಿಲನ್ ಸಬ್‌ವೇಯಲ್ಲಿ ನೀರು ನಿಲ್ಲುವಷ್ಟು ಸುರಿದರೂ ಸಾಕು, ಗಟಾರದ ಪೈಪಿನಲ್ಲಿ ಮಲಗಿದ ಪ್ರಾಣಿಗೆ ಹೊರದಾರಿ ಇರುವುದಿಲ್ಲ.

ನಮ್ಮ ಪುಟ್ಟಿಯ ಕತೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಬೂದು ಪಟ್ಟೆಯ ಹೆಣ್ಣು ಬೆಕ್ಕು. ಅಡುಗೆಮನೆಯ ಕಿಟಕಿಗೆ ಕಟ್ಟಿದ ಕಬೂತರ್ ಜಾಲಿ ಬಿಸಿಲಿಗೆ ಒಣಗಿ ಒಂದು ಮೂಲೆಯಲ್ಲಿ ಹರಿದಿತ್ತು. ಒಂದು ಬೆಳಿಗ್ಗೆ ಮನೆಯಲ್ಲಿ ಬೆಕ್ಕಿಲ್ಲ, ಕೆಳಗೆ ಕಾಂಪೌಂಡಿನಲ್ಲೂ ಇಲ್ಲ. ಮೇಲೆ ಕೆಳಗೆ ಹುಡುಕಿ, ಹೆಸರು ಹಿಡಿದು ಕರೆದು, ಚೀಟಿ ಅಂಟಿಸಿ, ಅಕ್ಕಪಕ್ಕದ ಗೇಟುಗಳಲ್ಲಿ ವಿಚಾರಿಸಿ ಸೋತೆವು. ಕಡೆಗೆ ಹೇಳಿದವನು ನಸುಕಿಗೆ ಬಂದು ಕಾರು ತೊಳೆಯುವ ಹುಡುಗ. ಪಕ್ಕದ ಬಿಲ್ಡಿಂಗಿನ ಮೀಟರ್ ರೂಮಿನ ಕೆಳಸಂದಿಯಿಂದ ಒಂದು ಬಾಲದ ತುದಿ ಅವನ ಕಣ್ಣಿಗೆ ಬಿದ್ದಿತ್ತು. ಆ ರೂಮಿಗೆ ಬೀಗ. ಅಲ್ಲಿಯ ಕಾರ್ಯದರ್ಶಿಯವರು ಲುಂಗಿಯಲ್ಲೇ ಇಳಿದು ಬಂದು ಬಾಗಿಲು ತೆಗೆದರು, ಏನು ಎತ್ತ ಎಂದು ಒಂದು ಮಾತೂ ಕೇಳಲಿಲ್ಲ. ಒಳಗೆ ಹಳೆಯ ಬೋರ್ಡಿನ ಹಿಂದೆ ಪುಟ್ಟಿ ಮಲಗಿದ್ದಳು. ನಮ್ಮನ್ನು ಕಂಡು ಹಲ್ಲು ತೋರಿಸಿ ಬುಸುಗುಟ್ಟಿದಳು. ಎಕ್ಸ್‌ರೇಯಲ್ಲಿ ಸೊಂಟದ ಮೂಳೆ ಎರಡು ಕಡೆ ಮುರಿದದ್ದು ಕಾಣಿಸಿತು.

ಅಷ್ಟೂ ದಿನ ನಾವು ಹತ್ತಾರು ಸಲ ಆ ಬಾಗಿಲ ಮುಂದೆಯೇ ಅವಳನ್ನು ಕರೆಯುತ್ತ ಓಡಾಡಿದ್ದೆವು. ಅವಳು ಒಂದು ಸದ್ದೂ ಮಾಡಿರಲಿಲ್ಲ. ನೋವಾದಾಗ ಸುಮ್ಮನಾಗುವುದು ಬೆಕ್ಕಿನ ರೀತಿ. ತಾನು ಬಲಹೀನ ಎಂದು ತೋರಿಸಿಕೊಂಡ ಚಿಕ್ಕ ಪ್ರಾಣಿಯ ಮೇಲೆ ದೊಡ್ಡದು ಎರಗುತ್ತದೆ, ಅದಕ್ಕೆ.

ಸಿಕ್ಕಿದ ಬೆಕ್ಕನ್ನು ಹೇಗೆ ಎತ್ತಬೇಕು ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮೊದಲು ಕಾಣುವವರು ನೀವಾಗಿರಬಹುದು. ಬರಿಗೈ ಹಾಕಬೇಡಿ. ದಪ್ಪ ಬೈರಾಸನ್ನು ಮೇಲಿನಿಂದ ಹೊದಿಸಿ, ತಲೆಯೂ ಮುಚ್ಚುವಂತೆ ಸುತ್ತಿ, ಎದೆಯ ಕೆಳಗೊಂದು, ಸೊಂಟದ ಕೆಳಗೊಂದು ಕೈ ಕೊಟ್ಟು ಒಂದೇ ಸಲಕ್ಕೆ ಎತ್ತಿ. ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ ಗಟ್ಟಿ ರಟ್ಟನ್ನೋ ಹಲಗೆಯನ್ನೋ ಕೆಳಗೆ ಜಾರಿಸಿ ಅದರ ಮೇಲೇ ಸಾಗಿಸಿ. ತೂತು ಮಾಡಿದ ಕಾರ್ಡ್‌ಬೋರ್ಡ್ ಪೆಟ್ಟಿಗೆ ಸಾಕು. ಆಪರೇಷನ್ ಬೇಕಾಗಬಹುದು, ಆದ್ದರಿಂದ ಡಾಕ್ಟರು ನೋಡುವ ತನಕ ಬಾಯಿಗೆ ಏನನ್ನೂ ಹಾಕಬೇಡಿ. ಕಚ್ಚಿದರೆ ಅಥವಾ ಪರಚಿದರೆ ಆ ಜಾಗವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ರೇಬಿಸ್ ನಾಯಿಯಿಂದಷ್ಟೇ ಬರುವ ಕಾಯಿಲೆಯಲ್ಲ. ಪೂರ್ವ ಭಾಗದವರಿಗೆ ಪಾಲಿಕೆಯ ವಿ. ಎನ್. ದೇಸಾಯಿ ಆಸ್ಪತ್ರೆ ಹತ್ತಿರವೇ ಇದೆ.

ನಡೆಯುತ್ತಿದೆಯಲ್ಲ, ಏನೂ ಆಗಿಲ್ಲ ಎಂದು ತೀರ್ಮಾನಿಸಬೇಡಿ. ಎತ್ತರದಿಂದ ಬಿದ್ದ ಬೆಕ್ಕಿನ ಎದೆಯೊಳಗೆ ಗಾಳಿ ತುಂಬಿರಬಹುದು, ವಪೆ ಹರಿದಿರಬಹುದು, ಮೂತ್ರಕೋಶ ಒಡೆದಿರಬಹುದು, ಅಂಗುಳು ಸೀಳಿರಬಹುದು. ಇವು ಹೊರಗೆ ಕಾಣುವ ಗಾಯಗಳಲ್ಲ. ಸುಮ್ಮನೆ ಮಲಗಿದ ಬೆಕ್ಕು ನಿಮಿಷಕ್ಕೆ 20ರಿಂದ 30 ಸಲ ಉಸಿರಾಡುತ್ತದೆ. 40 ದಾಟಿದರೆ, ಬಾಯಿ ತೆರೆದು ಉಸಿರಾಡಿದರೆ, ವಸಡು ಬಿಳಿಚಿದ್ದರೆ ಕ್ಷಣವೂ ತಡ ಮಾಡುವ ಹಾಗಿಲ್ಲ. ಕಚ್ಚಿಸಿಕೊಂಡ ಗಾಯದ ಮೋಸ ಬೇರೆ ತರಹದ್ದು. ಹಲ್ಲು ಚುಚ್ಚಿದ ತೂತು ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ಕಟ್ಟುತ್ತದೆ, ಎರಡು ಮೂರು ದಿನ ಕಳೆದು ಮೈ ಸುಡುವಾಗ ಗೊತ್ತಾಗುತ್ತದೆ.

ಎಲ್ಲಿಗೆ ಒಯ್ಯುವುದು? ಹಗಲಿನಲ್ಲಿ ಸಾಂತಾಕ್ರೂಜ್, ಖಾರ್, ಬಾಂದ್ರಾದಲ್ಲಿ ಖಾಸಗಿ ಪಶುವೈದ್ಯರಿದ್ದಾರೆ. ಖರ್ಚು ಭರಿಸಲಾಗದವರಿಗೆ ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ತಲೆಮಾರುಗಳ ಆಸರೆ. 1874ರಲ್ಲಿ ಹುಟ್ಟಿದ ಪ್ರಾಣಿಹಿಂಸಾ ನಿವಾರಣಾ ಸಂಘ ಅದನ್ನು 1883ರಲ್ಲಿ ಸ್ಥಾಪಿಸಿತು. ಪಾರ್ಸಿ ದಾನಿ ದಿನ್‌ಶಾ ಮಾಣೆಕ್‌ಜಿ ಪೆಟಿಟ್ ಅವರು ಜಾಗ ಕೊಟ್ಟರು, ಪತ್ನಿಯ ಹೆಸರು ಆಸ್ಪತ್ರೆಗೆ ಬಂತು. ಅದರ ಬೆನ್ನಿಗೇ 1886ರಲ್ಲಿ ಪಶುವೈದ್ಯಕೀಯ ಕಾಲೇಜೂ ಶುರುವಾಯಿತು. ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್‌ನ ಚಿಕ್ಕ ಪ್ರಾಣಿಗಳ ಆಸ್ಪತ್ರೆ 2024ರಲ್ಲಿ ತೆರೆಯಿತು. ಆದರೆ ಸಾಂತಾಕ್ರೂಜ್‌ನವರಿಗೆ ಒಂದು ತೊಡಕಿದೆ. ನಮ್ಮ ರಿಕ್ಷಾ ಬಾಂದ್ರಾ ಅಥವಾ ಸಾಯನ್ ದಾಟಿ ದಕ್ಷಿಣಕ್ಕೆ ಹೋಗುವಂತಿಲ್ಲ. ನಡುರಾತ್ರಿ ನರಳುವ ಪ್ರಾಣಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ರಿಕ್ಷಾದಿಂದ ಇಳಿದು ಟ್ಯಾಕ್ಸಿಗೆ ಕೈ ಅಡ್ಡ ಹಿಡಿದವರನ್ನು ಕೇಳಿ ನೋಡಿ, ಅದರ ಕಷ್ಟ ಹೇಳುತ್ತಾರೆ. ಕಾರಿರುವ ನೆರೆಯವರು ಒಂದು ಸಲ ಕರೆದುಕೊಂಡು ಹೋದರೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಒಳ್ಳೆಯ ಮನಸ್ಸಿನಿಂದಲೇ ಜನ ಮಾಡಿಬಿಡುವ ಕೆಲವು ಕೆಲಸಗಳು ಬೆಕ್ಕನ್ನು ಕೊಲ್ಲುತ್ತವೆ. ಜ್ವರಕ್ಕೆ, ನೋವಿಗೆ ಎಂದು ಮನೆಯ ಡಬ್ಬಿಯ ಪ್ಯಾರಾಸಿಟಮಾಲ್ ಕೊಡಬೇಡಿ. ಮನುಷ್ಯರ ಯಕೃತ್ತು ಅದನ್ನು ಕರಗಿಸುವ ದಾರಿ ಬೆಕ್ಕಿನ ಯಕೃತ್ತಿನಲ್ಲಿ ತೀರ ದುರ್ಬಲ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ವಸಡು ಕಂದಾಗುತ್ತದೆ. 500 ಮಿಲಿಗ್ರಾಮಿನ ಒಂದೇ ಮಾತ್ರೆ ಸಾವು ತರಬಹುದು. ಫಿನೈಲ್, ಡೆಟ್ಟಾಲಿನಂಥ ದ್ರವಗಳಿಂದ ಗಾಯ ತೊಳೆಯಬೇಡಿ. ಬೆಕ್ಕು ಅದನ್ನು ನೆಕ್ಕುತ್ತದೆ, ಅದು ವಿಷವಾಗುತ್ತದೆ. ಒಂದು ಲೀಟರ್ ನೀರನ್ನು ಕುದಿಸಿ ತಣಿಸಿ ಒಂದೂವರೆ ಟೀ ಚಮಚ ಉಪ್ಪು ಹಾಕಿದರೆ ತೊಳೆಯಲು ಸಾಕು. ಮುಂಬಯಿಯ ಮಳೆಗಾಲದಲ್ಲಿ ತೆರೆದ ಗಾಯಕ್ಕೆ ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳ ಆಗುತ್ತವೆ. ಊರಿನಲ್ಲಿ ದನದ ಗಾಯಕ್ಕೆ ಹಾಕುತ್ತಿದ್ದ ಟರ್ಪೆಂಟೈನನ್ನು, ಸೀಮೆಎಣ್ಣೆಯನ್ನು ಬೆಕ್ಕಿಗೆ ಹಾಕಬೇಡಿ. ಹುಳಗಳನ್ನು ಒಂದೊಂದಾಗಿ ಚಿಮುಟದಿಂದ ತೆಗೆಯುವುದು ಡಾಕ್ಟರ ಕೆಲಸ. ನಾಯಿಗೆ ಹಾಕುವ ಉಣ್ಣಿಯ ಔಷಧದಲ್ಲಿ ಪರ್ಮೆಥ್ರಿನ್ ಇದ್ದರೆ ಅದೂ ಬೆಕ್ಕಿಗೆ ವಿಷ.

ಇನ್ನು ಮನೆಯವರಿಗೆ. ಬೆಕ್ಕು ಸಿಕ್ಕಿತು ಎಂದು ನೆಂಟರಿಗೆಲ್ಲ ಫೋನು ಮಾಡಿ ಸಂತೋಷಪಟ್ಟ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಮೂಳೆ ಕೂಡಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು. ಕೀಲನ್ನು ಬಿಟ್ಟು ಬೇರೆಡೆ ಮುರಿದ ಸೊಂಟದ ಮೂಳೆ ಎಷ್ಟೋ ಬೆಕ್ಕುಗಳಲ್ಲಿ ಆಪರೇಷನ್ ಇಲ್ಲದೆ, ಬರಿಯ ವಿಶ್ರಾಂತಿಯಿಂದಲೇ ಕೂಡುತ್ತದೆ. ಆ ವಿಶ್ರಾಂತಿ ಎಂದರೆ ಪಂಜರ. ನಾಯಿ ಸಾಕುವವರ ಮನೆಯ ಮಡಚುವ ಪಂಜರ ಎರವಲು ಸಿಕ್ಕಿದರೆ ಸಾಕು. ಹಾಸಿಗೆ, ನೀರಿನ ಬಟ್ಟಲು, ಮಲಮೂತ್ರದ ಟ್ರೇ ಹಿಡಿಸಬೇಕು, ಹಾರಲು ಎತ್ತರ ಇರಬಾರದು. ಬೆಕ್ಕು ಕೂಗುತ್ತದೆ, ಸಿಟ್ಟು ಮಾಡುತ್ತದೆ, ಮನೆಯ ಮಕ್ಕಳು ಕರುಣೆಯಿಂದ ಬಾಗಿಲು ತೆಗೆಯುತ್ತಾರೆ. ತೆಗೆಯಬಾರದು. ಒಂದೇ ರೂಮಿನ ಮನೆಯಲ್ಲಿ ಅದು ಸುಲಭವಲ್ಲ, ಗೊತ್ತು. ಪುಟ್ಟಿಯ ಪಂಜರ ನಮ್ಮ ಮನೆಯ ದಿವಾನದ ಪಕ್ಕದಲ್ಲೇ ಇತ್ತು, ಬಂದ ನೆಂಟರು ಕಾಲು ಮಡಚಿ ಕೂರುತ್ತಿದ್ದರು. ತೆರೆದ ಗಾಯವಿದ್ದರೆ ಟ್ರೇಯಲ್ಲಿ ಮರಳು ಬೇಡ. ಓದಿ ಮುಗಿದ ಪತ್ರಿಕೆಯ ಚೂರು ಒಳ್ಳೆಯದು, ಕಣ ಕಣವಾಗಿ ಗಾಯಕ್ಕೆ ಅಂಟುವುದಿಲ್ಲ. ಕೊರಳಿಗೆ ಕಟ್ಟಿದ ಕೋನನ್ನು ಡಾಕ್ಟರು ಹೇಳುವ ತನಕ ಬಿಚ್ಚಬಾರದು. ಒರಟು ನಾಲಿಗೆಗೆ ಹೊಲಿಗೆ ಬಿಚ್ಚಲು ಹೆಚ್ಚು ಹೊತ್ತು ಬೇಡ.

ಊಟದ ವಿಷಯದಲ್ಲಿ ತಡ ಮಾಡುವ ಹಾಗಿಲ್ಲ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪಗಿದ್ದ ಬೆಕ್ಕಿನ ಯಕೃತ್ತಿಗೆ ಕೊಬ್ಬು ತುಂಬಿಕೊಂಡು ಅದೇ ಪ್ರಾಣಾಂತಿಕವಾಗಬಹುದು. ನಾಪತ್ತೆಯಾಗಿ ಸಿಕ್ಕ ಬೆಕ್ಕು ಉಪವಾಸವಿದ್ದು ಬಂದಿರುತ್ತದೆ. ಹಾಗಂತ ಒಂದೇ ಸಲಕ್ಕೆ ಬಟ್ಟಲು ತುಂಬಾ ಬಡಿಸುವುದೂ ಅಪಾಯ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ಮೂಗಿಗೆ ವಾಸನೆ ಹೊಡೆಯುವಂತೆ ಬೆಚ್ಚಗೆ ಮಾಡಿ, ಮುಳ್ಳು ತೆಗೆದ ಬೇಯಿಸಿದ ಬಂಗುಡೆ, ಉಪ್ಪು ಖಾರವಿಲ್ಲದ ಕೋಳಿ. ಈರುಳ್ಳಿ ಬೆಳ್ಳುಳ್ಳಿ ತಾಗಿರಬಾರದು, ಅವು ಬೆಕ್ಕಿನ ಕೆಂಪುರಕ್ತಕಣಗಳನ್ನು ಒಡೆಯುತ್ತವೆ. ಹಸುವಿನ ಹಾಲು ಎಷ್ಟೋ ದೊಡ್ಡ ಬೆಕ್ಕುಗಳಿಗೆ ಅರಗುವುದಿಲ್ಲ, ಭೇದಿಯಾಗುತ್ತದೆ. ಮಾಂಸ ಮೀನು ಒಳಗೆ ತರದ ಮನೆಗಳು ನಮ್ಮಲ್ಲಿ ಬಹಳ ಇವೆ, ಅವರ ಆಚಾರವನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಬೆಕ್ಕಿಗೆ ಟಾರಿನ್ ಎಂಬ ಅಂಶ ಆಹಾರದಿಂದಲೇ ಸಿಗಬೇಕು, ಅದು ಇರುವುದು ಪ್ರಾಣಿಜನ್ಯ ಆಹಾರದಲ್ಲಿ. ಅದರ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಎಂಬುದು 1987ರಲ್ಲಿ ಸಿದ್ಧವಾಯಿತು. ಮೊಸರನ್ನ ಒಂದರಲ್ಲೇ ಗಾಯ ಮಾಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರದ ಪ್ಯಾಕೆಟ್ಟು ಅಂಥ ಮನೆಗಳಿಗೆ ಒಂದು ದಾರಿ.

ನೋವು ಎಷ್ಟಿದೆ ಎಂದು ಬೆಕ್ಕು ಹೇಳುವುದಿಲ್ಲ, ಮುಖ ಹೇಳುತ್ತದೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಅದಕ್ಕೊಂದು ಅಳತೆ ಪ್ರಕಟಿಸಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ಭಂಗಿ ಎಂಬ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಕಿವಿ ಚಪ್ಪಟೆಯಾಗಿ ಹೊರಕ್ಕೆ ಹೊರಳಿದರೆ, ಕಣ್ಣು ಅರೆಮುಚ್ಚಿದರೆ, ಮೂತಿ ಬಿಗಿದರೆ, ಮೀಸೆ ನೆಟ್ಟಗೆ ಮುಂದಕ್ಕೆ ಚಾಚಿದರೆ, ತಲೆ ಭುಜಕ್ಕಿಂತ ಕೆಳಗಿದ್ದರೆ ಅಂಕ ಏರುತ್ತದೆ. ಹತ್ತರಲ್ಲಿ ನಾಲ್ಕಾದರೆ ನೋವಿನ ಔಷಧ ಬೇಕು. ಗುರುಗುಟ್ಟುತ್ತಿದೆಯಲ್ಲ, ಸುಖವಾಗಿದೆ ಎಂದು ಭಾವಿಸಬೇಡಿ. ನೋವಿನಲ್ಲೂ ಬೆಕ್ಕು ಗುರುಗುಟ್ಟುತ್ತದೆ. ಸೊಂಟಕ್ಕೆ ಪೆಟ್ಟಾಗಿದ್ದರೆ ದಿನಕ್ಕೆ ಎಷ್ಟು ಸಲ ಮೂತ್ರ ಮಾಡಿತು, ಮಲ ಸಲೀಸಾಗಿ ಹೋಯಿತೇ ಎಂದು ಬರೆದಿಡಿ. ಮೂತ್ರ ನಿಂತರೆ ಅದೇ ದಿನ ಡಾಕ್ಟರ ಬಳಿಗೆ ಹೋಗಬೇಕು. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಅದು ಮರಳಿ ಬಂದ ಬೆಕ್ಕನ್ನು ಗುರುತಿಸದೆ ಮೈಮೇಲೆ ಬೀಳಬಹುದು, ಆಸ್ಪತ್ರೆಯ ವಾಸನೆ ಹಾಗೆ ಮಾಡುತ್ತದೆ. ಕೆಲವು ದಿನ ಬೇರೆ ಬೇರೆ ಇಟ್ಟು, ಒಂದರ ಹಾಸುಬಟ್ಟೆ ಇನ್ನೊಂದಕ್ಕೆ ಕೊಟ್ಟು ವಾಸನೆ ಕೂಡಿಸಿ. ಕಾಲು ಉಳಿಸಲಾಗುವುದಿಲ್ಲ ಎಂದು ಡಾಕ್ಟರು ಹೇಳಿದರೆ ಎದೆಗುಂದಬೇಡಿ. ಮೂರು ಕಾಲಿನ ಬೆಕ್ಕು ಮನೆಯೊಳಗೆ ಚೆನ್ನಾಗಿಯೇ ಬಾಳುತ್ತದೆ.

ಬೆಕ್ಕಿಗೆ ಇಷ್ಟೆಲ್ಲ ಬೇಕೇ ಎಂದು ಕೇಳುವವರು ಪ್ರತಿ ಸೊಸೈಟಿಯಲ್ಲೂ ಇದ್ದಾರೆ. ಅಡ್ಡ ಬಂದರೆ ಅಪಶಕುನ ಎನ್ನುವವರು, ಜಿನೆಯಲ್ಲಿ ಹೇಸಿಗೆ ಮಾಡುತ್ತದೆ ಎನ್ನುವವರು. ಎರಡನೆಯ ದೂರು ನ್ಯಾಯವಾದದ್ದು, ಸಾಕಿದವರು ಅದಕ್ಕೆ ಉತ್ತರ ಕೊಡಲೇಬೇಕು. ಬೀಜ ತೆಗೆಸುವುದು, ಟ್ರೇ ಕಲಿಸುವುದು, ಮನೆಯೊಳಗೆ ಇಟ್ಟುಕೊಳ್ಳುವುದು ಆ ಉತ್ತರ. ಆದರೆ ಸಿಟ್ಟಿನಲ್ಲಿ ವಿಷ ಇಡುವುದು, ಗೋಣಿಚೀಲದಲ್ಲಿ ತುಂಬಿ ದೂರ ಬಿಟ್ಟು ಬರುವುದು ಅಪರಾಧ. 1960ರ ಪ್ರಾಣಿಹಿಂಸಾ ತಡೆ ಕಾಯ್ದೆಯ ದಂಡ ಹಳೆಯ ಕಾಲದ ಚಿಲ್ಲರೆ ದಂಡ ನಿಜ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಹಾಗಲ್ಲ. ಕೇಡು ಮಾಡುವ ಉದ್ದೇಶದಿಂದ ಪ್ರಾಣಿಯನ್ನು ಕೊಂದರೆ, ವಿಷವಿಟ್ಟರೆ, ಊನ ಮಾಡಿದರೆ ಐದು ವರ್ಷದ ತನಕ ಜೈಲು. ಸಾಕುಪ್ರಾಣಿ ಇಟ್ಟುಕೊಳ್ಳಲೇಬಾರದು ಎಂಬ ಸೊಸೈಟಿಯ ನಿಯಮ ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದು ಕೇರಳ ಹೈಕೋರ್ಟ್ 2021ರಲ್ಲಿ ಹೇಳಿದೆ. ಇದನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ಕಾನೂನಿನವರೆಗೆ ಹೋಗುವ ಮೊದಲು ನೆರೆಹೊರೆಯಲ್ಲೇ ಮುಗಿಸಬಹುದಾದ ಮಾತು ಇದು.

ಸೊಸೈಟಿಗಳಲ್ಲಿ ನನ್ನ ಬಿನ್ನಹಗಳು ಹೆಚ್ಚಿಲ್ಲ.

ಬೆಕ್ಕು ಕಳೆದುಕೊಂಡ ಮನೆಯವರು ಬಂದು ಕೇಳಿದರೆ, ಅವರು ನಿಮ್ಮ ಬಿಲ್ಡಿಂಗಿನವರಲ್ಲದಿದ್ದರೂ, ಪಂಪ್ ರೂಮು, ಮೀಟರ್ ರೂಮು, ಟೆರೇಸುಗಳ ಬೀಗವನ್ನು ಅದೇ ದಿನ ತೆಗೆದು ತೋರಿಸಿ. ವಾಚ್‌ಮನ್ ಜೊತೆಗೆ ನಿಂತಿರಲಿ. ಕಾಲು ಗಂಟೆಯ ಕೆಲಸ.

ಫೋಟೊ ಇರುವ ಚೀಟಿಯನ್ನು ಲಿಫ್ಟಿನ ಪಕ್ಕ ಅಂಟಿಸಿದರೆ ಸಾಲದು. ಲಿಫ್ಟಿನಲ್ಲಿ ಹೋಗುವವರು ಬೆಕ್ಕನ್ನು ಕಾಣುವುದಿಲ್ಲ. ಕಾಣುವವರು ಕಸ ಒಯ್ಯುವವರು, ಕಾರು ತೊಳೆಯುವವರು, ಹಾಲಿನವರು, ರಾತ್ರಿ ಪಾಳಿಯ ವಾಚ್‌ಮನ್, ಮನೆಕೆಲಸದ ಬಾಯಿ. ಫೋಟೊವನ್ನು ಅವರ ಕೈಗೆ ಕೊಡಿ, ಅವರ ಭಾಷೆಯಲ್ಲಿ ಹೇಳಿ.

ಇಲಿಗೆ ಮದ್ದಿಡುವ ಮೊದಲು ಎಲ್ಲ ಮನೆಗಳಿಗೂ ತಿಳಿಸಿ, ಯಾವ ಮದ್ದು ಎಂದು ಬರೆದು ಹಾಕಿ. ಬ್ರೊಮಾಡಿಯೊಲೊನಿನಂಥ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವಾದರೆ ಲಕ್ಷಣ ಕೆಲವು ದಿನ ಕಳೆದು ಕಾಣುತ್ತದೆ, ಅದಕ್ಕೆ ವಿಟಮಿನ್ ಕೆ1 ಪರಿಹಾರವಿದೆ. ಜಿಂಕ್ ಫಾಸ್ಫೈಡಿಗೆ ಪ್ರತ್ಯೌಷಧವೇ ಇಲ್ಲ. ಹೆಸರು ಗೊತ್ತಿದ್ದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ಅಂಟಿನ ಹಲಗೆಗೆ ಬೆಕ್ಕು ಸಿಕ್ಕಿಕೊಂಡರೆ ಎಳೆಯಬೇಡಿ, ಅಡುಗೆಯೆಣ್ಣೆ ಸವರಿದರೆ ಅಂಟು ಬಿಡುತ್ತದೆ.

ರೀಡೆವಲಪ್‌ಮೆಂಟಿಗೆ ಬಿಲ್ಡಿಂಗು ಖಾಲಿ ಮಾಡುವಾಗ ಬೆಕ್ಕುಗಳ ಪಟ್ಟಿಯನ್ನೂ ಮಾಡಿ. ಯಾರ ಮನೆಯದು, ಎಲ್ಲಿಗೆ ಹೋಗುತ್ತದೆ ಎಂದು ಬರೆದುಕೊಳ್ಳಿ. ಹೊಸ ಮನೆಯಲ್ಲಿ ಮೊದಲ ಕೆಲವು ವಾರ ಕಿಟಕಿ ಬಾಗಿಲು ಭದ್ರವಾಗಿರಲಿ. ತಪ್ಪಿಸಿಕೊಂಡರೆ ಹಳೆಯ ಸೈಟಿನ ಕಾವಲುಗಾರನಿಗೆ ಮೊದಲ ಫೋನು ಹೋಗಲಿ. ಒಡೆಯುವ ದಿನ ಯಂತ್ರ ಶುರುವಾಗುವ ಮುನ್ನ ಒಬ್ಬರು ಒಳಗೆ ಒಂದು ಸುತ್ತು ಬರಲಿ.

ಬೆಕ್ಕು ಸಾಕಿದ ಮನೆಗಳಿಗೂ ಒಂದು ಮಾತು. ಕಿಟಕಿಗೆ ಕಟ್ಟಿದ ನೈಲಾನ್ ಜಾಲಿ ಬಿಸಿಲಿಗೆ ಪುಡಿಯಾಗುತ್ತದೆ, ಮಳೆಗಾಲದ ಮುಂಚೆ ಪ್ರತಿವರ್ಷ ಎಳೆದು ನೋಡಿ, ಸಾಧ್ಯವಾದರೆ ತಂತಿಯದನ್ನು ಹಾಕಿಸಿ. ಅಕ್ಕಿ ಕಾಳಿನಷ್ಟು ಗಾತ್ರದ, 15 ಅಂಕೆಯ ಮೈಕ್ರೊಚಿಪ್ಪನ್ನು ಡಾಕ್ಟರು ಚರ್ಮದ ಕೆಳಗೆ ಕೂರಿಸುತ್ತಾರೆ. ಅದು ಬೇಡವೆನಿಸಿದರೆ ಎಳೆದರೆ ಬಿಚ್ಚಿಕೊಳ್ಳುವ ಪಟ್ಟಿಯಲ್ಲಿ ಫೋನ್ ನಂಬರಾದರೂ ಇರಲಿ.

ನಮ್ಮ ಕನ್ನಡ, ತುಳು ಸಂಘಟನೆಗಳಿಗೂ ಇದರಲ್ಲಿ ಪಾಲಿದೆ. ಬಿಲ್ಲವ ಭವನದ ಸಮಾರಂಭದಲ್ಲಿ, ಪೇಜಾವರ ಮಠದ ಉತ್ಸವದಲ್ಲಿ ಸೇರಿದಾಗ ನಾವು ವರ ಹುಡುಕುತ್ತೇವೆ, ಬಾಡಿಗೆ ರೂಮು ಹುಡುಕುತ್ತೇವೆ, ಹುಡುಗನಿಗೆ ಹೋಟೆಲಿನಲ್ಲೋ ಬ್ಯಾಂಕಿನಲ್ಲೋ ಕೆಲಸ ಹುಡುಕುತ್ತೇವೆ. ಒಬ್ಬರಿಗೆ ಹೇಳಿದರೆ ಸಂಜೆಯೊಳಗೆ ಗೋಳಿಬಾರಿನಿಂದ ಕಲಿನಾದವರೆಗೆ ಸುದ್ದಿ ಹೋಗಿರುತ್ತದೆ. ಆ ಜಾಲದಲ್ಲೇ ಒಂದು ಫೋಟೊ ಹರಿಸುವುದು ಕಷ್ಟವಲ್ಲ. ಮಡಚುವ ಪಂಜರಗಳನ್ನು ಎರವಲು ಕೊಡುವವರ ಪಟ್ಟಿ, ರಾತ್ರಿ ಪರೇಲಿಗೆ ಕಾರು ತೆಗೆಯಬಲ್ಲವರ ಪಟ್ಟಿ, ಇವೆರಡು ಒಂದು ಕಡೆ ಬರೆದಿದ್ದರೂ ಬಹಳ ಆಯಿತು.

ಪುಟ್ಟಿ ಈಗ ನಡೆಯುತ್ತಾಳೆ, ಹಿಂಗಾಲು ಸ್ವಲ್ಪ ಎಳೆಯುತ್ತದೆ. ಕಾರು ತೊಳೆಯುವ ಹುಡುಗನಿಗೆ ಹಬ್ಬಕ್ಕೆ ಹೊಸ ಅಂಗಿ ಕೊಟ್ಟೆವು, ಕಾರ್ಯದರ್ಶಿಯವರ ಮನೆಗೆ ಪತ್ರೊಡೆ ಹೋಯಿತು. ಅವರಿಬ್ಬರೂ ಮಾಡಿದ್ದನ್ನು ಪ್ರತಿ ಸಲವೂ ಯಾರದ್ದೋ ಒಳ್ಳೆಯತನಕ್ಕೆ ಬಿಡಬೇಕಾಗಿಲ್ಲ, ಒಂದು ಸಾಲಿನ ಠರಾವಿಗೆ ತರಬಹುದು. ಸೆಪ್ಟೆಂಬರ್ 30ರೊಳಗೆ ಪ್ರತಿ ಸೊಸೈಟಿಯೂ ವಾರ್ಷಿಕ ಸಭೆ ಕರೆಯಲೇಬೇಕು. ವಿಷಯಪಟ್ಟಿಯಲ್ಲಿ ನೀರಿನ ಟ್ಯಾಂಕು, ಪಾರ್ಕಿಂಗು, ಬಾಕಿ ಮೆಂಟೆನೆನ್ಸುಗಳ ಕೆಳಗೆ ಇದನ್ನೂ ಸೇರಿಸಿ: ಕಳೆದುಹೋದ ಅಥವಾ ಪೆಟ್ಟಾದ ಸಾಕುಪ್ರಾಣಿಯನ್ನು ಹುಡುಕಲು ಬಂದವರಿಗೆ, ಯಾವ ಬಿಲ್ಡಿಂಗಿನವರಾದರೂ, ಅದೇ ದಿನ ಬೀಗ ತೆಗೆದುಕೊಡತಕ್ಕದ್ದು. ವಿರೋಧ ಬಂದರೆ ಮತಕ್ಕೆ ಹಾಕಿ. ಗೆಲ್ಲುತ್ತದೆ ಎಂಬ ನಂಬಿಕೆ ನನಗಿದೆ.

ನಿಮ್ಮ ನೆರೆಯವ,
ವಕೋಲಾದ ಒಂದು ಬೆಕ್ಕಿನ ಮನೆಯಿಂದ